ಸ್ಟಾರ್ ಟ್ರೇಲ್ ತೆಗಿಬೇಕು, ಚಿತ್ರದುರ್ಗದ ಸುತ್ತ ಎಲ್ಲಿ ನಿಲ್ಲೋದು?

ಗಾಳಿಗುಡ್ಡ_ದುರ್ಗ:
ಎಲ್ರಿಗೂ ನಮಸ್ಕಾರ. ನನ್ನತ್ರ ಕ್ಯಾನನ್ 1500ಡಿ ಐತೆ, ಜೊತೆಗೆ ಬಂದ 18-55 ಲೆನ್ಸ್ ಅಷ್ಟೇ, ಒಂದು ಟ್ರೈಪಾಡ್. ನಕ್ಷತ್ರ ಎಲ್ಲಾ ರೌಂಡ್ ರೌಂಡಾಗಿ ಗೆರೆ ಎಳ್ದಂಗೆ ಬರ್ತಾವಲ್ಲ, ಆ ಥರ ಫೋಟೋ ತೆಗಿಬೇಕು ಅಂತ ಭಾಳ ಆಸೆ, ಮುಂದೆ ಕೋಟೆ ಬತೇರಿ ಇರ್ಬೇಕು ಹಿಂದೆ ಪೂರ್ತಿ ಸರ್ಕಲ್. ಮನೆ ಟೆರೇಸ್ ಮೇಲೆ 30 ಸೆಕೆಂಡ್ ಇಟ್ಟು ನೋಡ್ದೆ, ಆಕಾಶ ಎಲ್ಲಾ ಕಿತ್ತಳೆ ಬಣ್ಣಕ್ಕೆ ಬಂತು. ದುಡ್ಡು ಹಾಕಿ ಬೇರೆ ಲೆನ್ಸ್ ತಗೋಬೇಕಾ? ಒಂದೇ ಸಲಕ್ಕೆ ಒಂದು ಗಂಟೆ ಶಟರ್ ತೆಗ್ದಿಡ್ತಾರಾ? ಎಲ್ಲಿಗೆ ಹೋದ್ರೆ ಒಳ್ಳೇದು ಹೇಳ್ರಪ್ಪ.

ಬೆಣ್ಣೆನಗರಿ:
ಲೆನ್ಸ್ ಏನೂ ತಗೋಬೇಡ್ರಿ, ಆ ದುಡ್ಡಲ್ಲಿ ಒಂದು ಕೇಬಲ್ ರಿಮೋಟು, ಒಂದು ಎಕ್ಸ್‌ಟ್ರಾ ಬ್ಯಾಟರಿ ತಗೊಳ್ರಿ ಸಾಕು. ಒಂದು ಗಂಟೆ ಶಟರ್ ತೆಗ್ದಿಡೋದು ರೀಲ್ ಕ್ಯಾಮೆರಾ ಕಾಲದ್ದು, ಡಿಜಿಟಲ್‌ನಾಗೆ ಸೆನ್ಸರ್ ಬಿಸಿಯಾಗಿ ಬರೀ ಕಾಳು ಕಾಳು ಬರ್ತದೆ, ಮಧ್ಯದಾಗೆ ಯಾರೋ ಬೈಕ್ ಲೈಟ್ ಬಿಟ್ರೆ ಅಷ್ಟೂ ಹೋಯ್ತು. ಈಗ ಎಲ್ರೂ 30 ಸೆಕೆಂಡಿನ ಫೋಟೋ ಒಂದರ ಹಿಂದೆ ಒಂದು ತೆಗೆದು ಆಮೇಲೆ ಕಂಪ್ಯೂಟರ್‌ನಾಗೆ ಕೂಡಿಸ್ತಾರೆ. ಲೆನ್ಸ್ 18ಕ್ಕೆ ಇಟ್ಟು (ಆಕಾಶ ಅಗಲಕ್ಕೆ ಬರ್ತದೆ) ಎಫ್ 3.5 (ಲೆನ್ಸಿನ ಬಾಯಿ ಪೂರ್ತಿ ತೆಗ್ದಂಗೆ), ಐಎಸ್ಒ ಅಂದ್ರೆ ಬೆಳಕು ಹಿಡಿಯೋ ಸೂಕ್ಷ್ಮತೆ 800 ಇಲ್ಲ 1600, ಡ್ರೈವ್ ಕಂಟಿನ್ಯುಯಸ್, ರಿಮೋಟ್ ಬಟನ್ ಒತ್ತಿ ಲಾಕ್ ಮಾಡಿಬಿಟ್ರೆ ಅದೇ ತೆಗೀತಾ ಇರ್ತದೆ. ಫೋಕಸ್ ಮ್ಯಾನ್ಯುಯಲ್, ಲೈವ್ ವ್ಯೂನಾಗೆ ಒಂದು ದೊಡ್ಡ ನಕ್ಷತ್ರ ಝೂಮ್ ಮಾಡಿ ಸಣ್ಣ ಚುಕ್ಕಿ ಆಗೋವರೆಗೆ ತಿರುಗ್ಸಿ, ಆಮೇಲೆ ರಿಂಗ್ ಮೇಲೆ ಟೇಪ್ ಅಂಟ್ಸಿಬಿಡ್ರಿ. ಟ್ರೈಪಾಡ್ ಮೇಲಿದ್ದಾಗ ಕೈ ಅಲುಗಾಟ ತಡೆಯೋ ಸ್ಟೆಬಿಲೈಜರ್ ಆಫ್. ಮುಖ್ಯವಾದ್ದು ಏನಂದ್ರೆ ಮೆನುನಾಗೆ ಲಾಂಗ್ ಎಕ್ಸ್‌ಪೋಶರ್ ನಾಯ್ಸ್ ರಿಡಕ್ಷನ್ ಅಂತ ಐತಲ್ಲ ಅದನ್ನ ಆಫ್ ಮಾಡ್ಲೇಬೇಕು. ಆನ್ ಇದ್ರೆ ಪ್ರತಿ ಫೋಟೋ ಆದ್ಮೇಲೆ ಅಷ್ಟೇ ಹೊತ್ತು ಇನ್ನೊಂದು ಕಪ್ಪು ಫೋಟೋ ತಗೊಳ್ತದೆ, ಗೆರೆ ಬದಲು ತುಂಡು ತುಂಡು ಬರ್ತದೆ.

ಕಲ್ಲಿನಕೋಟೆ_ಹಳಬ:
ಸೆಟ್ಟಿಂಗ್ ಎಲ್ಲಾ ಸರಿ ಕಣ್ರಿ, ಆದ್ರೆ ಪೂರ್ತಿ ಸರ್ಕಲ್ ಆಸೆ ಮೊದ್ಲು ಬಿಡ್ಬೇಕು. ನೀವು ನೋಡಿರೋ ಫೋಟೋ ಎಲ್ಲಾ ಯುರೋಪ್ ಅಮೆರಿಕದ ಕಡೇವು, ಅಲ್ಲಿ ಧ್ರುವ ನಕ್ಷತ್ರ ಆಕಾಶದಾಗೆ ಅರ್ಧ ಎತ್ತರಕ್ಕೆ ಇರ್ತದೆ. ನಮ್ಮದು 14 ಡಿಗ್ರಿ ಅಕ್ಷಾಂಶ, ಹಂಗಾಗಿ ಧ್ರುವ ಬರೀ 14 ಡಿಗ್ರಿ ಮೇಲೆ. ಕೈ ಉದ್ದಕ್ಕೆ ಚಾಚಿ ಮುಷ್ಟಿ ಕಟ್ಟಿದ್ರೆ ಸುಮಾರು 10 ಡಿಗ್ರಿ, ಅಂದ್ರೆ ನೆಲದಿಂದ ಒಂದೂವರೆ ಮುಷ್ಟಿ ಎತ್ತರ, ಅಷ್ಟೇ. ಧ್ರುವದಿಂದ 14 ಡಿಗ್ರಿಗಿಂತ ದೂರ ಇರೋ ನಕ್ಷತ್ರ ಎಲ್ಲಾ ಸುತ್ತೋವಾಗ ನೆಲದ ಕೆಳಗೆ ಹೋಗೇ ಹೋಗ್ತಾವೆ, ನಿಮಗೆ ಸಿಗೋದು ಕಮಾನು. ಅದೂ ಗಂಟೆಗೆ 15 ಡಿಗ್ರಿ ಮಾತ್ರ, ಹಂಗಾಗಿ ಎರಡು ಗಂಟೆಯಾದ್ರೂ ಇಡ್ರಿ. ಇನ್ನು ಬತೇರಿ ಬುಡದಾಗೆ ನಿಂತ್ರೆ ಕೆಲ್ಸ ಕೆಟ್ಟಂಗೆ, 100 ಮೀಟರ್ ದೂರದಾಗೆ 25 ಮೀಟರ್ ಎತ್ತರದ ಗೋಡೆ ಇದ್ರೆ ಸಾಕು ಧ್ರುವ ಮುಚ್ಚಿಹೋಗ್ತದೆ. ಕ್ಯಾಮೆರಾ ಉದ್ದಕ್ಕೆ ತಿರುಗ್ಸಿ, ಕೆಳಗಡೆ ಸ್ವಲ್ಪ ನೆಲ, ಮೇಲೆಲ್ಲಾ ಆಕಾಶ ಬರೋಹಂಗೆ ಇಡ್ರಿ.

ನನ್ನ ಕೇಳಿದ್ರೆ ಪೂರ್ವಕ್ಕೆ ಮುಖ ಮಾಡ್ರಿ. ನಮ್ ಕಡೆ ನಕ್ಷತ್ರ ಹೆಚ್ಚೂಕಡಿಮೆ ನೆಟ್ಟಗೆ ಮೇಲಕ್ಕೆ ಏರ್ತಾವೆ, ಮಧ್ಯದ ಗೆರೆ ನೇರ, ಎಡಗಡೇವು ಉತ್ತರಕ್ಕೆ ಬಾಗ್ತಾವೆ, ಬಲಗಡೇವು ದಕ್ಷಿಣಕ್ಕೆ. ನವೆಂಬರ್ ಕೊನೆ, ಡಿಸೆಂಬರ್ ಸಂಜೆ ಮಹಾವ್ಯಾಧ (ಓರಿಯನ್ ನಕ್ಷತ್ರಪುಂಜ) ಹುಟ್ಟೋದು ಅಲ್ಲೇ, ಅದರ ನಡುವಿನ ಮೂರು ನಕ್ಷತ್ರ ಬಹುತೇಕ ನೇರ ಗೆರೆ ಎಳೀತಾವೆ. ಈ ಫೋಟೋ ಲಂಡನ್‌ನಾಗೆ ಇರೋನಿಗೆ ಸಿಗಲ್ಲ, ಅಲ್ಲಿ ಅದು ಓರೆಯಾಗಿ ಏರ್ತದೆ.

ಜಗಳೂರು_ಸೀಮೆ:
ಜಾಗದ ವಿಷ್ಯ ನಾನ್ ಹೇಳ್ತೀನಿ. ಕೋಟೆ ಒಳಗೆ ರಾತ್ರಿ ಬಿಡಲ್ಲ, ಪುರಾತತ್ವ ಇಲಾಖೆದು, ಟ್ರೈಪಾಡಿಗೂ ಪರ್ಮಿಶನ್ ಕೇಳ್ತಾರೆ. ಜೋಗಿಮಟ್ಟಿ ಅರಣ್ಯ ಇಲಾಖೆದು, ಅಲ್ಲಿ ಕರಡಿ ಚಿರತೆ ಎರಡೂ ಅದಾವೆ, ರಾತ್ರಿ ಆ ಹುಚ್ಚು ಬೇಡ. ದಾವಣಗೆರೆ ದುರ್ಗ ಎರಡೂ ಊರಿನ ಬೆಳಕು ಹೈವೇ ಉದ್ದಕ್ಕೂ ಹರಡೇತಿ, ಅದನ್ನ ಬಿಟ್ಟು ಜಗಳೂರು ಇಲ್ಲ ಮೊಳಕಾಲ್ಮೂರು ಕಡೆ ಬಯಲಿಗೆ ಬರ್ರಿ, ಪರಿಚಯದವರ ಹೊಲ ಇದ್ರೆ ಅದಕ್ಕಿಂತ ಒಳ್ಳೇದಿಲ್ಲ. ಗಾಳಿ ಫ್ಯಾನ್ (ಕರೆಂಟ್ ತೆಗಿಯೋ ವಿಂಡ್‌ಮಿಲ್) ಮುಂದೆ ಇಟ್ರೆ ಚೆನ್ನಾಗಿರ್ತದೆ ಆದ್ರೆ ಅದರ ಕೆಂಪು ಲೈಟ್ ಮಿಣಮಿಣ ಅಂತಿರ್ತದಲ್ಲ, ಕೂಡಿಸಿದ ಮೇಲೆ ಕೆಂಪು ಬೊಟ್ಟಾಗಿ ಉಳೀತದೆ, ಬೇಡಾದ್ರೆ ಅಳಿಸ್ಬೇಕು. ಹೊಲದವರಿಗೆ ಮೊದ್ಲೇ ಹೇಳಿಟ್ಟಿರ್ರಿ. ರಾತ್ರಿ ತ್ರೀ ಫೇಸ್ ಕೊಟ್ರೆ ಮೋಟ್ರು ಹಾಕಕ್ಕೆ ಬ್ಯಾಟ್ರಿ ಹಿಡ್ಕೊಂಡು ಬರ್ತಾರೆ, ಕತ್ತಲಾಗೆ ಮೂರು ಕಾಲಿಂದು ಏನೋ ನಿಂತೈತಿ ಅಂದ್ರೆ ಕಳ್ಳ ಅಂತ ನಿಮ್ಮನ್ನೇ ಹಿಡ್ದಾರು.

ಗಾಳಿಗುಡ್ಡ_ದುರ್ಗ:
ಹಳಬಣ್ಣ, ಪೂರ್ವಕ್ಕೇ ಇಡ್ತೀನಿ ಹಂಗಾದ್ರೆ, ಸರ್ಕಲ್ ಆಮೇಲೆ ನೋಡಣ. ನಮ್ಮ ಮಾವನ ಹೊಲ ಐತೆ ಅಲ್ಲೇ, ಒಂದು ಬೇವಿನ ಮರ ಒಂಟಿಯಾಗಿ ನಿಂತೈತೆ. ಅಮಾವಾಸ್ಯೆನೇ ಆಗ್ಬೇಕಾ? ಕೂಡ್ಸೋದು ಯಾವ್ದರಾಗೆ?

ಬೆಣ್ಣೆನಗರಿ:
ಅಮಾವಾಸ್ಯೆನೇ ಬೇಕಂತಿಲ್ಲ, ಅದು ಆಕಾಶಗಂಗೆ ತೆಗಿಯೋರಿಗೆ. ಚೌತಿ ಪಂಚಮಿ ಚಂದ್ರ ಪಶ್ಚಿಮಕ್ಕಿದ್ರೆ ನಿಮ್ಮ ಬೆನ್ನ ಹಿಂದೆ ಬರ್ತಾನೆ, ಬೇವಿನ ಮರಕ್ಕೆ ಬೆಳಕು ಬಿಟ್ಟಿ ಸಿಕ್ಕಂಗಾಯ್ತು. ಕೂಡ್ಸಕ್ಕೆ ಸ್ಟಾರ್‌ಸ್ಟ್ಯಾಕ್ಸ್, ಫ್ರೀ ಸಾಫ್ಟ್‌ವೇರ್, ಜೆಪೆಗ್ ಎಲ್ಲಾ ಒಳಗೆ ಹಾಕಿ ಗ್ಯಾಪ್ ಫಿಲ್ಲಿಂಗ್ (ಗೆರೆ ನಡುವಿನ ಸಂದು ತುಂಬೋದು) ಅಂತ ಆರ್ಸಿ ಅಷ್ಟೇ. ವಿಮಾನದ ಗೆರೆ ಬಂದ ಫೋಟೋನ ಪೂರ್ತಿ ತೆಗ್ದುಬಿಟ್ರೆ ಟ್ರೇಲ್‌ನಾಗೆ ಸಂದು ಬೀಳ್ತದೆ, ಆ ಗೆರೆ ಮೇಲಷ್ಟೇ ಕಪ್ಪು ಬಳ್ದು ವಾಪಸ್ ಹಾಕ್ರಿ. ಬೆಳಗಿನ ಜಾವದವರೆಗೆ ಇಡೋದಾದ್ರೆ ಲೆನ್ಸ್ ಮೇಲೆ ಇಬ್ಬನಿ ಕೂರ್ತದೆ, ಆಗಾಗ ಟಾರ್ಚ್ ಹಾಕದೇ ಹೋಗಿ ನೋಡಿ ಬರ್ರಿ.