ಚಿಕ್ಕ ಅಂಗಳದ ಗೋಡೆಗೆ ಪರಿಮಳದ ಹಬ್ಬು ಗುಲಾಬಿ: ಪ್ರಶ್ನೋತ್ತರ

ಪ್ರಶ್ನೆ: ನಮಸ್ಕಾರ ಸರ್. ಮನೆ ಪಕ್ಕದಲ್ಲಿ 4 ಅಡಿ ಅಗಲದ ಮಣ್ಣಿನ ಪಟ್ಟಿ ಇದೆ. ಅದರ ಹಿಂದೆ 7 ಅಡಿ ಎತ್ತರ, 10 ಅಡಿ ಉದ್ದದ ಗೋಡೆ. ಬೆಳಿಗ್ಗೆ ಏಳರಿಂದ ಮಧ್ಯಾಹ್ನ ಒಂದರವರೆಗೆ ಬಿಸಿಲು, ಆಮೇಲೆ ನೆರಳು. ಅಲ್ಲಿ ಹಬ್ಬುವ ಗುಲಾಬಿ ಹಾಕಬೇಕು ಅಂತ ಆಸೆ. ಬಣ್ಣ ಯಾವುದಾದರೂ ಸರಿ, ಪರಿಮಳ ಮಾತ್ರ ಇರಲೇಬೇಕು. ಯಾವ ತಳಿ ತರಲಿ? ಇಷ್ಟು ಜಾಗ ಸಾಕಾ?

ಉತ್ತರ: ಧಾರಾಳವಾಗಿ ಸಾಕು. ಗುಲಾಬಿಗೆ ದಿನಕ್ಕೆ 6 ಗಂಟೆ ಬಿಸಿಲು ಬೇಕು, ನಿಮಗೆ ಅಷ್ಟು ಸಿಗುತ್ತಿದೆ. ಅದೂ ಬೆಳಗಿನ ಬಿಸಿಲು. ರಾತ್ರಿಯ ಇಬ್ಬನಿ ಬೇಗ ಒಣಗುತ್ತದೆ, ಎಲೆಗೆ ರೋಗ ಕಡಿಮೆ.

ತಳಿ ಕೇಳುವ ಮೊದಲು ಒಂದು ವಿಷಯ ತಿಳಿದಿರಲಿ. ಹಬ್ಬುವ ಗುಲಾಬಿಯಲ್ಲಿ ಎರಡು ಜಾತಿ. ರ್‍ಯಾಂಬ್ಲರ್ ಅನ್ನುವುದು ಭಾರಿ ಬೆಳೆಯುತ್ತದೆ, ಹೆಚ್ಚಿನವು ವರ್ಷಕ್ಕೆ ಒಂದೇ ಸಲ ಹೂ ಬಿಡುತ್ತವೆ. ಕಿಫ್ಟ್ಸ್‌ಗೇಟ್ ಅನ್ನುವ ತಳಿ 30 ಅಡಿಗೂ ಜಾಸ್ತಿ ಹೋಗುತ್ತದೆ, ನಿಮ್ಮ ಗೋಡೆಯನ್ನು ನುಂಗಿಬಿಡುತ್ತದೆ. ನಿಮಗೆ ಬೇಕಾದದ್ದು ಕ್ಲೈಂಬರ್. 8ರಿಂದ 12 ಅಡಿ ಬೆಳೆಯುವ, ಮತ್ತೆ ಮತ್ತೆ ಹೂ ಬಿಡುವ ತಳಿ. ಕೊಳ್ಳುವಾಗ ಇದನ್ನೇ ಬಿಡಿಸಿ ಕೇಳಿ.

ಪರಿಮಳಕ್ಕೆ ನಾನು ಹೇಳುವ ಹೆಸರುಗಳು ಕೆಲವೇ. ಡಾನ್ ಹುವಾನ್ (1958), ಮಖಮಲ್ಲಿನಂಥ ಕಡುಗೆಂಪು, ಗಾಢ ಸುವಾಸನೆ. ಬೆಚ್ಚಗಿನ ಊರಿಗೆ ಇದೇ ನನ್ನ ಮೊದಲ ಆಯ್ಕೆ. ಹಿಮ ಬೀಳುವಷ್ಟು ಚಳಿ ಇರುವ ಕಡೆ ಕಂಪ್ಯಾಶನ್ (1972) ವಾಸಿ, ಗುಲಾಬಿ ಬಣ್ಣಕ್ಕೆ ಏಪ್ರಿಕಾಟ್ ಹಣ್ಣಿನ ಬಣ್ಣ ಬೆರೆತ ಹಾಗೆ. ಜೆಫಿರಿನ್ ದ್ರುವಾನ್ 1868ರಷ್ಟು ಹಳೆಯದು. ಮುಳ್ಳು ಹೆಚ್ಚುಕಮ್ಮಿ ಇಲ್ಲವೇ ಇಲ್ಲ, ಸ್ವಲ್ಪ ನೆರಳನ್ನೂ ಸಹಿಸುತ್ತದೆ. ಓಡಾಡುವ ದಾರಿ ಪಕ್ಕ, ಮಕ್ಕಳಿರುವ ಮನೆಗೆ ಚೆನ್ನ. ಆದರೆ ಕಪ್ಪು ಚುಕ್ಕೆ ರೋಗ ಬೇಗ ಹತ್ತುತ್ತದೆ, ಗಾಳಿ ಆಡದ ಮೂಲೆಯಲ್ಲಿ ನೆಡಬೇಡಿ. ನ್ಯೂ ಡಾನ್ ಅಂತ ಒಂದನ್ನು ಎಲ್ಲರೂ ಹೊಗಳುತ್ತಾರೆ. ಅಮೆರಿಕದಲ್ಲಿ 1931ರಲ್ಲಿ ಗಿಡಕ್ಕೆ ಅಂತ ಕೊಟ್ಟ ಮೊಟ್ಟಮೊದಲ ಪೇಟೆಂಟ್ ಅದಕ್ಕೇ ಸಿಕ್ಕಿದ್ದು. ಗಟ್ಟಿ ಗಿಡ, ಆದರೆ ಪರಿಮಳ ತೆಳು, ಬೆಳವಣಿಗೆ ಜೋರು. ನಿಮಗೆ ಬೇಡ.

ಹೆಸರಿನ ಮುಂದೆ 'ಕ್ಲೈಂಬಿಂಗ್' ಅಂತ ಇರುವವು, ಉದಾಹರಣೆಗೆ ಕ್ಲೈಂಬಿಂಗ್ ಕ್ರಿಮ್ಸನ್ ಗ್ಲೋರಿ, ಪೊದೆ ಗುಲಾಬಿಯಿಂದಲೇ ಹುಟ್ಟಿದವು. ಶುರುವಿನಲ್ಲೇ ಗಿಡ್ಡಕ್ಕೆ ಕತ್ತರಿಸಿದರೆ ವಾಪಸ್ ಪೊದೆಯಾಗಿಬಿಡಬಹುದು. ಮೊದಲ ಎರಡು ವರ್ಷ ಕತ್ತರಿಯನ್ನು ದೂರ ಇಡಿ.

ಸಾಧ್ಯವಾದರೆ ಹೂ ಇರುವಾಗ, ಬೆಳಿಗ್ಗೆ ಹೊತ್ತು ಹೋಗಿ ಮೂಸಿ ನೋಡಿಯೇ ತನ್ನಿ. ಒಬ್ಬರಿಗೆ ಹಿತವಾದ ವಾಸನೆ ಇನ್ನೊಬ್ಬರಿಗೆ ತಲೆನೋವು ತರಬಹುದು, ಅಲ್ವಾ?

ಪ್ರಶ್ನೆ: ಸರ್, ನಡುವೆ ಬಾಯಿ ಹಾಕುತ್ತಿದ್ದೇನೆ. ನಮ್ಮದು ನಾಲ್ಕು ವರ್ಷದ ಗಿಡ. ಗೋಡೆ ದಾಟಿ ಸೀದಾ ಮೇಲೆ ಹೋಗಿದೆ. ಹೂವೆಲ್ಲ ತುದಿಯಲ್ಲೇ. ಕೆಳಗೆ ಬರೀ ಮುಳ್ಳಿನ ಕೋಲು. ಪರಿಮಳ ಮಹಡಿ ಮೇಲಿನವರಿಗೆ ಮಾತ್ರ. ಗೊಬ್ಬರ ಜಾಸ್ತಿ ಮಾಡಲಾ?

ಉತ್ತರ: ಗೊಬ್ಬರದ ಕೊರತೆ ಅಲ್ಲಮ್ಮ, ಕೊಂಬೆ ನಿಂತಿರುವ ರೀತಿ. ಇದನ್ನು ಎಲ್ಲರೂ ದಯವಿಟ್ಟು ಗಮನವಿಟ್ಟು ಓದಿ. ಚಿಕ್ಕ ಜಾಗದಲ್ಲಿ ಹಬ್ಬು ಗುಲಾಬಿ ಗೆಲ್ಲುವುದೂ ಸೋಲುವುದೂ ಇಲ್ಲೇ.

ನೆಟ್ಟಗೆ ನಿಂತ ಕೊಂಬೆಯ ತುದಿಯ ಕುಡಿಯಲ್ಲಿ ಆಕ್ಸಿನ್ ಅನ್ನುವ ಹಾರ್ಮೋನ್ ತಯಾರಾಗಿ ಕೆಳಗಿಳಿಯುತ್ತದೆ. ಅದು ಕೆಳಗಿನ ಕಣ್ಣುಗಳು, ಅಂದರೆ ಗೆಣ್ಣಿನಲ್ಲಿರುವ ಚಿಗುರಿನ ಮೊಗ್ಗುಗಳು, ಚಿಗುರದಂತೆ ತಡೆಯುತ್ತದೆ. ಅದಕ್ಕೇ ತುದಿಯಲ್ಲಿ ಮಾತ್ರ ಹೂ. ಅದೇ ಕೊಂಬೆಯನ್ನು ಅಡ್ಡಕ್ಕೆ ಮಲಗಿಸಿ. ತುದಿಯ ಹಿಡಿತ ಸಡಿಲವಾಗುತ್ತದೆ, ಉದ್ದಕ್ಕೂ ಗೆಣ್ಣು ಗೆಣ್ಣಿನಲ್ಲಿ ಟಿಸಿಲು ಒಡೆಯುತ್ತದೆ, ಆ ಟಿಸಿಲುಗಳಲ್ಲಿ ಹೂ. ಒಂದು ಗೊಂಚಲು ಬಿಡುತ್ತಿದ್ದ ಕೊಂಬೆಯಲ್ಲಿ ಸಾಲಾಗಿ ಹೂ ಕಾಣುತ್ತೀರಿ. ಅದೂ ನಿಮ್ಮ ಮೂಗಿನ ಎತ್ತರದಲ್ಲಿ.

ಮಾಡುವುದು ಹೀಗೆ. ಗೋಡೆಗೆ ಅಡ್ಡಡ್ಡ ತಂತಿ ಕಟ್ಟಿ. ಮೊದಲನೆಯದು ನೆಲದಿಂದ ಒಂದೂವರೆ ಅಡಿಗೆ, ಆಮೇಲೆ ಅಡಿಗೊಂದು. ತಂತಿಗೂ ಗೋಡೆಗೂ 2–3 ಇಂಚು ಸಂದು ಇರಲಿ, ಗಾಳಿ ಆಡಬೇಕು. ಕೊಂಬೆಗಳನ್ನು ಬೀಸಣಿಗೆ ಬಿಚ್ಚಿದ ಹಾಗೆ ಎರಡೂ ಪಕ್ಕಕ್ಕೆ ಹರಡಿ. ಪೂರ್ತಿ ಅಡ್ಡ ಆಗದಿದ್ದರೂ 45 ಡಿಗ್ರಿ ಓರೆಯಾದರೆ ಸಾಕು. ಗುಲಾಬಿಗೆ ತಾನಾಗಿ ಸುತ್ತಿಕೊಳ್ಳುವ ಬಳ್ಳಿಕುಡಿ ಇಲ್ಲ, ಹಾಗಾಗಿ ಕಟ್ಟಲೇಬೇಕು. ಮೆತ್ತನೆಯ ಹತ್ತಿ ಹುರಿಯನ್ನು ಎಂಟರ ಆಕಾರದಲ್ಲಿ ಸಡಿಲವಾಗಿ ಹಾಕಿ. ಬರಿ ತಂತಿಯಿಂದ ಬಿಗಿದರೆ ಕೊಂಬೆ ದಪ್ಪ ಆದಂತೆ ಅದು ಒಳಗೆ ಕೊರೆಯುತ್ತದೆ. ಕೊಂಬೆಯನ್ನು ಗೋಡೆಯ ತಂತಿಯ ಹಿಂದೆ ತೂರಿಸಬೇಡಿ, ಮುಂದೆ ಬಿಚ್ಚಲು ಆಗುವುದಿಲ್ಲ.

ಎಳೆಯ ಕೊಂಬೆ ಬಗ್ಗುತ್ತದೆ. ಒಮ್ಮೆಗೇ ಎಳೆಯದೆ, ಕೆಲವು ವಾರಗಳಲ್ಲಿ ಇಷ್ಟಿಷ್ಟೇ ಕೆಳಗಿಳಿಸಿ. ನಿಮ್ಮ ಗಿಡದಲ್ಲಿ ಹಳೆಯ ಕೊಂಬೆಗಳು ಗಟ್ಟಿಯಾಗಿರುತ್ತವೆ, ಬಗ್ಗಿಸಿದರೆ ಮುರಿಯುತ್ತವೆ. ಅವುಗಳಲ್ಲಿ ಅತಿ ಹಳೆಯ ಒಂದನ್ನು ಮಾತ್ರ ಬುಡದ ಹತ್ತಿರ ಕತ್ತರಿಸಿ. ಅಲ್ಲಿಂದ ಬರುವ ಹೊಸ ಚಿಗುರನ್ನು ಚಿಕ್ಕದರಲ್ಲೇ ಓರೆಯಾಗಿ ಕಟ್ಟುತ್ತಾ ಬನ್ನಿ. ಮುಂದಿನ ವರ್ಷ ಇನ್ನೊಂದು. ಒಂದೇ ಸಲ ಎಲ್ಲ ಕತ್ತರಿಸುವುದು ಬೇಡ. ಹೂ ಬಿಟ್ಟ ಟಿಸಿಲುಗಳನ್ನು ಪ್ರತಿ ವರ್ಷ ಸವರುವ ಕಾಲದಲ್ಲಿ 2–3 ಕಣ್ಣು ಉಳಿಸಿ ಸವರಿ.

ಪ್ರಶ್ನೆ: ಮೊದಲು ಕೇಳಿದವಳು ನಾನೇ, ಸರ್. ಗಿಡವನ್ನು ಗೋಡೆಗೆ ತಾಗಿಸಿ ನೆಡಬೇಕಾ?

ಉತ್ತರ: ಬೇಡ. ಗೋಡೆ ಬುಡದ ಮಣ್ಣು ಯಾವಾಗಲೂ ಒಣಗಿರುತ್ತದೆ, ಮಳೆಯೂ ಅಲ್ಲಿಗೆ ಸರಿಯಾಗಿ ಬೀಳುವುದಿಲ್ಲ. ಒಂದೂವರೆ ಅಡಿ ಮುಂದೆ, ಎರಡು ಅಡಿ ಆಳ ಅಗಲದ ಗುಂಡಿ ತೆಗೆಯಿರಿ. ತೆಗೆದ ಮಣ್ಣಿಗೆ ಚೆನ್ನಾಗಿ ಕಳಿತ ಗೊಬ್ಬರ ಬೆರೆಸಿ, ಗಿಡವನ್ನು ಗೋಡೆ ಕಡೆ ಸ್ವಲ್ಪ ವಾಲಿಸಿ ನೆಡಿ. ಹತ್ತು ಅಡಿಗೆ ಒಂದೇ ಗಿಡ. ಬೇರು ಹಿಡಿಯುವವರೆಗೆ ಮಣ್ಣು ಒಣಗಲು ಬಿಡಬೇಡಿ. ಆಮೇಲೆ ದಿನಾ ಮೇಲೆ ಮೇಲೆ ಚಿಮುಕಿಸುವುದಕ್ಕಿಂತ ವಾರಕ್ಕೆ ಎರಡು ಸಲ ಬುಡಕ್ಕೆ ತುಂಬ ನೀರು ಕೊಡಿ. ಎಲೆ ನೆನೆಯದಿರಲಿ. ಮೊದಲ ವರ್ಷ ಹೂ ಕಡಿಮೆ ಬಂದರೆ ಗಾಬರಿ ಬೇಡ, ಗಿಡ ಬೇರು ಕಟ್ಟುತ್ತಿರುತ್ತದೆ.

ಪ್ರಶ್ನೆ: ನಮಗೆ ನೆಲವೇ ಇಲ್ಲ. ಬಾಲ್ಕನಿ ಕುಂಡದಲ್ಲಿ ಆಗುತ್ತದಾ?

ಉತ್ತರ: ಆಗುತ್ತದೆ, ಕುಂಡ ದೊಡ್ಡದಿರಬೇಕು. ಅಗಲ, ಆಳ ಎರಡೂ ಒಂದೂವರೆ ಅಡಿಗಿಂತ ಕಡಿಮೆ ಬೇಡ. ತಳದಲ್ಲಿ ಜಲ್ಲಿ ಹಾಕಿದರೆ ನೀರು ಬೇಗ ಬಸಿಯುತ್ತದೆ ಅನ್ನುವ ಮಾತು ಸುಳ್ಳು. ಬೇರಿಗೆ ಸಿಗುವ ಮಣ್ಣು ಕಡಿಮೆ ಆಗುತ್ತದೆ, ಅಷ್ಟೇ. ತೂತು ದೊಡ್ಡದಿದ್ದರೆ ಸಾಕು. 8 ಅಡಿ ಮೀರದ ತಳಿ ನೋಡಿ. ಗರ್ಟ್ರೂಡ್ ಜೀಕಲ್ (1986) ಪೊದೆ ಗುಲಾಬಿಯಾದರೂ ಚಿಕ್ಕ ಹಬ್ಬು ಗಿಡವಾಗಿ ಬೆಳೆಸಬಹುದು, ಪರಿಮಳ ಅದ್ಭುತ.

ಪ್ರಶ್ನೆ: ತಂದಾಗ ಘಮ್ಮೆನ್ನುತ್ತಿದ್ದ ಗಿಡದಲ್ಲಿ ಈಗ ವಾಸನೆಯೇ ಇಲ್ಲ. ಯಾಕೆ?

ಉತ್ತರ: ಯಾವ ಹೊತ್ತಿನಲ್ಲಿ ಮೂಸಿದಿರಿ? ಪರಿಮಳ ಅಂದರೆ ಎಸಳಿನಿಂದ ಗಾಳಿಗೆ ಸೇರುವ ಜೆರೇನಿಯಾಲ್, ಫಿನೈಲ್ ಎಥೆನಾಲ್ ಮುಂತಾದ ವಸ್ತುಗಳು. ಬೆಚ್ಚಗೆ, ತೇವದ ಗಾಳಿ ಇರುವ ಬೆಳಿಗ್ಗೆ, ಹೂ ಅರ್ಧ ಅರಳಿದಾಗ ಚೆನ್ನಾಗಿ ಸಿಗುತ್ತದೆ. ಉರಿ ಬಿಸಿಲಿನ ಒಣಗಾಳಿಗೆ ಹಾರಿಹೋಗುತ್ತದೆ. ಬಾಡಿದ ಹೂವಿನಲ್ಲೂ ಇರುವುದಿಲ್ಲ.

ಬೆಳಿಗ್ಗೆಯೂ ವಾಸನೆ ಇಲ್ಲದಿದ್ದರೆ ಬುಡ ನೋಡಿ. ಕಸಿಯ ಗಂಟಿನ ಕೆಳಗಿನಿಂದ ಬೇರೆ ತರಹದ ಎಲೆಯ ಚಿಗುರು ಎದ್ದಿದೆಯಾ? ಅದು ಕಸಿಗೆ ಬಳಸಿದ ಕಾಡು ಗುಲಾಬಿ. ಬಿಟ್ಟರೆ ಮೇಲಿನ ತಳಿಯನ್ನು ಸೊರಗಿಸಿ ತಾನೇ ಗಿಡವಾಗುತ್ತದೆ. ಮಣ್ಣು ಸರಿಸಿ, ಅದು ಹುಟ್ಟಿದ ಜಾಗದಿಂದಲೇ ಕಿತ್ತು ತೆಗೆಯಿರಿ. ಮೇಲಿಂದ ಕತ್ತರಿಸಿದರೆ ಮತ್ತೆ ಬರುತ್ತದೆ.

ಪ್ರಶ್ನೆ: ಎಲೆ ಮೇಲೆ ಕಪ್ಪು ಚುಕ್ಕೆ ಬಂದು ಹಳದಿಯಾಗಿ ಉದುರುತ್ತಿವೆ. ಕುಡಿಯಲ್ಲಿ ಹಸಿರು ಹೇನು ಕೂಡ ಇದೆ.

ಉತ್ತರ: ಹೇನಿಗೆ ನೀರನ್ನು ಜೋರಾಗಿ ಹಾಯಿಸಿ ತೊಳೆಯಿರಿ, ಅದೂ ಬೆಳಿಗ್ಗೆಯೇ, ಎಲೆ ಒಣಗಲು ಸಮಯ ಸಿಗುತ್ತದೆ. ಮತ್ತೆ ಬಂದರೆ ಬೇವಿನ ಎಣ್ಣೆ, ಬಿಸಿಲು ಇಳಿದ ಮೇಲೆ. ಸಾರಜನಕದ ಗೊಬ್ಬರ ಜಾಸ್ತಿಯಾದರೆ ಮೆತ್ತಗಿನ ಕುಡಿ ಬಂದು ಹೇನೂ ಜಾಸ್ತಿ, ಅದನ್ನು ಕಡಿಮೆ ಮಾಡಿ. ಕಪ್ಪು ಚುಕ್ಕೆ ಶಿಲೀಂಧ್ರದ ರೋಗ. ಎಲೆ ಸುಮಾರು 7 ಗಂಟೆ ಒದ್ದೆಯಾಗಿದ್ದರೆ ಅದು ಒಳಗೆ ಇಳಿಯುತ್ತದೆ. ಸಂಜೆ ಎಲೆಗೆ ನೀರು ಹಾಕುತ್ತಿದ್ದರೆ ಇವತ್ತೇ ನಿಲ್ಲಿಸಿ. ಉದುರಿದ ಎಲೆಗಳನ್ನು ಒಂದೂ ಬಿಡದೆ ಆರಿಸಿ ಕಸಕ್ಕೆ ಹಾಕಿ, ಗೊಬ್ಬರದ ಗುಂಡಿಗೆ ಬೇಡ. ಕೆಳಗಿನ ಒಂದು ಅಡಿ ಎಲೆ ತೆಗೆದು ಗಾಳಿ ಆಡುವಂತೆ ಮಾಡಿ. ಹೊಸ ಎಲೆಗಳಲ್ಲೂ ಚುಕ್ಕೆ ಕಂಡರೆ ಎಲೆಯ ಎರಡೂ ಬದಿಯ ಫೋಟೋ ಹಾಕಿ, ನೋಡಿ ಹೇಳುತ್ತೇನೆ.