ಗಣಿ ಗುಡ್ಡದ ಕೆಂಪು ನೀರಿಗೆ ಆಪು ಹಚ್ಚಿದರೆ ಸಾಕೇ?

ಪ್ರಶ್ನೆ: ನಮ್ಮದು ಸಂಡೂರು ತಾಲ್ಲೂಕು ಸರ್. ಗಣಿ ಗುಡ್ಡದ ಕೆಳಗ ಹಳ್ಳ ಐತಿ. ಮಳಿ ಬಂದ್ರ ಕೆಂಪು ನೀರು ಕೆರಿಗೆ ಬರ್ತದ. ಆಪು, ಅಂದ್ರ ಜೊಂಡು ಹುಲ್ಲು, ಹಚ್ಚಿದ್ರ ತಿಳಿ ಆಗ್ತದ ಅಂತಾರ, ಖರೇನಾ?

ಉತ್ತರ: ಮೊದಲು ಬಾಟಲಿಯಲ್ಲಿ ನೀರು ಹಿಡಿದು ರಾತ್ರಿಯಿಡೀ ಅಲುಗಿಸದೆ ಇಡಿ. ಕೆಂಪು ತಳಕ್ಕಿಳಿದರೆ ಅದು ಮಣ್ಣು, ಅದಿರಿನ ಪುಡಿ. ಹಿಡಿದಾಗ ತಿಳಿಯಿದ್ದು ಆಮೇಲೆ ಕೆಂಪಾದರೆ ಕರಗಿದ ಕಬ್ಬಿಣ. ಸಂಡೂರಿನದು ಹೆಚ್ಚಾಗಿ ಹೆಮಟೈಟ್ ಎಂಬ ಕಬ್ಬಿಣದ ಅದಿರು, ಗಂಧಕ ಕಡಿಮೆ, ಹಾಗಾಗಿ ಕಬ್ಬಿಣ ಕರಗಿ ಬರುವುದೂ ಕಡಿಮೆ. ನಿಮ್ಮದು ಮೊದಲನೆಯದೇ ಇರಬೇಕು. ಅದಕ್ಕೆ ಆಪು ಮದ್ದಲ್ಲ. ಹಳ್ಳದ ನಡುವೆ ಹಚ್ಚಿದರೆ ಜೋರು ಮಳೆಗೆ ಕಿತ್ತುಹೋಗುತ್ತದೆ, ಇಲ್ಲವೇ ಹೂಳಿನಡಿ ಮುಚ್ಚಿಹೋಗುತ್ತದೆ.

ಕೆಲಸ ಮೇಲಿನಿಂದ ಶುರುವಾಗಬೇಕು. ಕೊರಕಲುಗಳಿಗೆ ಕಲ್ಲಿನ ತಡೆ ಹಾಕಿ. ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದ ಗೆರೆಗುಂಟ, ಜೂನ್-ಜುಲೈನಲ್ಲಿ ಲಾವಂಚ ಹಚ್ಚಿ. ಬುಡಗಳ ನಡುವೆ 10ರಿಂದ 15 ಸೆಂ.ಮೀ. ಸತ್ತ ಬುಡದ ಜಾಗ ಕೂಡಲೇ ತುಂಬಿ, ನೀರು ಆ ಸಂದಿಯಲ್ಲೇ ನುಗ್ಗಿ ಕೊರೆಯುತ್ತದೆ. ಕೆಳಗೆ ಒಂದರ ಹಿಂದೊಂದು ಎರಡು ಹೂಳುಗುಂಡಿ: ಉದ್ದ ಅಗಲದ ಮೂರು ಪಟ್ಟಾದರೂ ಇರಲಿ, ಆಳ ಸುಮಾರು 1.5 ಮೀಟರ್. ಕೋಡಿ ಅಗಲವಾಗಿರಬೇಕು, ಕಿರಿದಾದರೆ ನೀರು ಒಂದೇ ಧಾರೆಯಾಗಿ ಓಡಿ ಹೂಳನ್ನೂ ಒಯ್ಯುತ್ತದೆ. ಅರ್ಧ ತುಂಬಿದೊಡನೆ ಹೂಳು ತೆಗೆಸಿ. ಅದನ್ನು ದಡದಲ್ಲೇ ಗುಡ್ಡೆ ಹಾಕಿದರೆ ಮುಂದಿನ ಮಳೆಗೆ ವಾಪಸ್ ಗುಂಡಿಗೇ. ಬಹುತೇಕ ಕಡೆ ಕೆಡುವುದು ಇಲ್ಲೇ, ಗಿಡದಲ್ಲಲ್ಲ.

ಪ್ರಶ್ನೆ: ಹಂಗಾದ್ರ ಆಪು ಎಲ್ಲಿ ಬೇಕ್ರಿ?

ಉತ್ತರ: ವರ್ಷವಿಡೀ ಜಿನುಗುವ, ಕಬ್ಬಿಣ ಕರಗಿದ ನೀರಿಗೆ. ಪಿಎಚ್ (ನೀರಿನ ಹುಳಿಯ ಅಳತೆ, ಕಡಿಮೆಯಾದಷ್ಟೂ ಹುಳಿ ಹೆಚ್ಚು) 6ಕ್ಕಿಂತ ಮೇಲಿದ್ದರೆ ಆಪಿನ ಮಡುವಿನ ಚದರ ಮೀಟರಿಗೆ ದಿನಕ್ಕೆ 10 ಗ್ರಾಂ ಕಬ್ಬಿಣ ಇಳಿಯುತ್ತದೆ ಎಂದು ಲೆಕ್ಕ ಹಿಡಿಯಿರಿ. ಸೆಕೆಂಡಿಗೆ 1 ಲೀಟರ್ ಹರಿವು, ಲೀಟರಿಗೆ 10 ಮಿ.ಗ್ರಾಂ ಕಬ್ಬಿಣ ಇದ್ದರೆ ದಿನಕ್ಕೆ 864 ಗ್ರಾಂ. ಅದಕ್ಕೆ ಸುಮಾರು 86 ಚದರ ಮೀಟರ್, ಹತ್ತಿರ ಹತ್ತಿರ ಒಂದು ಗುಂಟೆ ಮಡು ಬೇಕು. ಮೊದಲು ಕಲ್ಲಿನ ಮೆಟ್ಟಿಲ ಮೇಲೆ ಇಳಿಸಿ ಗಾಳಿ ತಾಗಿಸಿ, ಆಮೇಲೆ 15ರಿಂದ 30 ಸೆಂ.ಮೀ. ಆಳದ ಆಪಿನ ಮಡುವಿಗೆ ಬಿಡಿ. ಕಬ್ಬಿಣ ನಿಲ್ಲುವುದು ಹೆಚ್ಚಾಗಿ ಕೆಸರಿನಲ್ಲಿ. ಆಪು ಕೊಯ್ದು ಒಯ್ದರೆ ಅದು ಹೋಗುವುದಿಲ್ಲ. ನೀರು ಹುಳಿಯಿದ್ದರೆ ಸುಣ್ಣಕಲ್ಲು ಬೇಕು, ಆದರೆ ಗಾಳಿ ತಾಗಿದ ಕಬ್ಬಿಣದ ನೀರಿನಲ್ಲಿ ಕಲ್ಲಿಗೆ ತುಕ್ಕಿನ ಪದರ ಕಟ್ಟಿ ಕೆಲಸ ನಿಲ್ಲಿಸುತ್ತದೆ.

ಪ್ರಶ್ನೆ: ನಾವು ಲಿಂಗಸುಗೂರು ಕಡೆ, ಚಿನ್ನದ ಗಣಿ ಹತ್ರ. ಬೋರಿನ ನೀರಿಗೂ ಇದೇ ಮಾಡಬಹುದಾ ಅಣ್ಣಾ?

ಉತ್ತರ: ಬೇಡ. ಚಿನ್ನದ ಅದಿರಿನ ಜೊತೆ ಹಲವೆಡೆ ಆರ್ಸೆನಿಕ್ ಎಂಬ ವಿಷ ಇರುತ್ತದೆ. ಕಬ್ಬಿಣದ ತುಕ್ಕು ಅದನ್ನು ಹಿಡಿಯುವುದು ನಿಜ. ಆದರೆ ಗಾಳಿಯಿಲ್ಲದ ಕಪ್ಪು ಕೆಸರಿನಲ್ಲಿ ಅದೇ ತುಕ್ಕು ಕರಗಿ ಆರ್ಸೆನಿಕ್ ಮತ್ತೆ ನೀರಿಗೆ ಬಿಡುತ್ತದೆ. ಕಾಯಿಸಿದರೂ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಲ್ಯಾಬಿನಲ್ಲಿ ಆರ್ಸೆನಿಕ್ ಅಂತ ಹೆಸರಿಸಿಯೇ ಪರೀಕ್ಷೆ ಕೇಳಿ. ಕುಡಿಯುವ ನೀರಿನ ಮಿತಿ ಲೀಟರಿಗೆ 0.01 ಮಿ.ಗ್ರಾಂ. ಮೀರಿದ್ದರೆ ಕುಡಿಯಲು, ಅಡುಗೆಗೆ ಬೇರೆ ನೀರು ತನ್ನಿ. ಅಂಥ ಮಡುವಿನ ಹುಲ್ಲನ್ನು ದನಕ್ಕೂ ಹಾಕಬೇಡಿ.