ಗೆದ್ದದ್ದನ್ನು ದಕ್ಕಿಸುವುದಕ್ಕೆ ಯಾವ ಪದ? ‘ತಂತ್ರ’, ‘ರಣನೀತಿ’, ‘ದಕ್ಕು’ಗಳ ಬಗ್ಗೆ

ಮಾನ್ಯರೇ,

ಕಾಸರಗೋಡಿನಲ್ಲಿ ಕನ್ನಡ ಮಾಧ್ಯಮದ ಮಕ್ಕಳಿಗೆ ಇತಿಹಾಸ ಕಲಿಸುವವಳು ನಾನು. ಮೈಸೂರು ಯುದ್ಧಗಳ ಪಾಠಕ್ಕೆ ಟಿಪ್ಪಣಿ ಬರೆಯುತ್ತಿದ್ದಾಗ ಒಂದು ವಾಕ್ಯದಲ್ಲಿ ಸಿಕ್ಕಿಬಿದ್ದು ಮೂರು ದಿನ ಮುಂದೆ ಹೋಗಲಾಗಲಿಲ್ಲ. ‘1769ರಲ್ಲಿ ಹೈದರನ ತಂತ್ರ ಗೆದ್ದಿತು, ಆದರೆ ಅವನ’ ಎಂಬಲ್ಲಿಯವರೆಗೆ ಬರೆದು ನಿಲ್ಲಿಸಿದೆ. ಗೆದ್ದದ್ದು ತಂತ್ರವಾದರೆ ಸೋತದ್ದು ಏನು? ಇಂಗ್ಲಿಷಿನವರು ಸ್ಟ್ರಾಟೆಜಿ ಎಂದು ಬರೆದು ಮುಂದೆ ಹೋಗುತ್ತಾರೆ. ನಮ್ಮ ಪತ್ರಿಕೆಗಳು ಆ ಮಾತಿಗೂ ‘ತಂತ್ರ’ವನ್ನೇ ಬಳಸುವುದರಿಂದ ‘ತಂತ್ರ ಗೆದ್ದಿತು, ತಂತ್ರ ಸೋತಿತು’ ಎಂದು ಬರೆಯಬೇಕಾಗಿ ಬರುತ್ತದೆ. ಹಾಗೆ ಬರೆದರೆ ಮಕ್ಕಳಿಗೆ ಏನೂ ಅರ್ಥವಾಗುವುದಿಲ್ಲ.

ಸಂದರ್ಭ ಇದು. ಇಂಗ್ಲಿಷರ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯವನ್ನು ಬೇರೆಡೆಗೆ ಸೆಳೆದ ಹೈದರ್ ಅಲಿ ತನ್ನ ಹಗುರ ಕುದುರೆ ಸವಾರರೊಂದಿಗೆ ಮದರಾಸಿನ ಹೊರವಲಯಕ್ಕೇ ಬಂದು ನಿಂತ. ಹೆದರಿದ ಕಂಪನಿಯವರು ಏಪ್ರಿಲ್ ತಿಂಗಳಲ್ಲಿ ಒಪ್ಪಂದಕ್ಕೆ ಸಹಿ ಹಾಕಿದರು. ಬಹುಮಟ್ಟಿಗೆ ಇಬ್ಬರೂ ಗೆದ್ದ ಪ್ರದೇಶಗಳನ್ನು ಹಿಂದಿರುಗಿಸುವುದು, ಒಬ್ಬರ ಮೇಲೆ ಯಾರಾದರೂ ದಾಳಿ ಮಾಡಿದರೆ ಇನ್ನೊಬ್ಬರು ನೆರವಿಗೆ ಬರುವುದು ಎಂದು ಅದರಲ್ಲಿ ಬರೆಯಲಾಗಿತ್ತು. ಹೆಚ್ಚು ಕಾಲ ಕಳೆಯುವ ಮೊದಲೇ ಮರಾಠರ ಪೇಶ್ವೆ ಮಾಧವರಾಯನ ಸೈನ್ಯ ಮೈಸೂರಿನ ಮೇಲೆ ಬಿತ್ತು. ಕಂಪನಿ ಕೈಕಟ್ಟಿ ಕುಳಿತಿತು. ‘ಇಂಗ್ಲಿಷರು ಮಾತಿಗೆ ತಪ್ಪಿದರು’ ಎಂದು ನಮ್ಮ ಪಾಠಗಳು ಅಲ್ಲಿಗೇ ಮುಗಿಸುತ್ತವೆ. ಅದು ನಿಜವೇ, ಆದರೆ ಅರ್ಧ ನಿಜ. ಮದರಾಸಿನ ಬಾಗಿಲಿನಿಂದ ಕುದುರೆಗಳು ಹಿಂದೆ ತಿರುಗಿದ ಮೇಲೆ, ಆ ಮಾತನ್ನು ನಡೆಸಿಕೊಡುವಂತೆ ಕಂಪನಿಯನ್ನು ಕಟ್ಟಿಹಾಕುವ ಯಾವ ಬಲವೂ ಆ ಕಾಗದದಲ್ಲಿರಲಿಲ್ಲ. ಕಾಳಗದಲ್ಲಿ ಬಂದ ಗೆಲುವು ರಾಜ್ಯದ ಲೆಕ್ಕಕ್ಕೆ ಬಂದು ಸೇರಲಿಲ್ಲ. ಹೀಗೆ ಸೇರಿಸುವ ಕೆಲಸಕ್ಕೆ ಕನ್ನಡದಲ್ಲಿ ಹೆಸರೇನು ಎಂಬುದೇ ನನ್ನ ಪ್ರಶ್ನೆ.

‘ತಂತ್ರ’ದಿಂದ ಆರಂಭಿಸುತ್ತೇನೆ. ನಮ್ಮ ಊರಿನಲ್ಲಿ ಈ ಪದ ಕಿವಿಗೆ ಬಿದ್ದರೆ ಮೊದಲು ಕಣ್ಣಮುಂದೆ ಬರುವವರು ದೇವಸ್ಥಾನದ ತಂತ್ರಿಗಳು. ಎರಡನೆಯದಾಗಿ, ಸುತ್ತಲಿನ ಮಲೆಯಾಳದ ಪ್ರಭಾವದಿಂದ, ಉಪಾಯ ಅಥವಾ ಯುಕ್ತಿ. ಕನ್ನಡದಲ್ಲಿಯೂ ‘ಕುತಂತ್ರ’, ‘ತಂತ್ರಗಾರಿಕೆ’ಗಳ ಸಹವಾಸದಿಂದ ಪದಕ್ಕೆ ಸ್ವಲ್ಪ ಕಳಂಕ ಹತ್ತಿದೆ. ಆದರೆ ಮೂಲದಲ್ಲಿ ಇದು ಕಿರಿದಾದ ಪದವಲ್ಲ. ‘ತನ್’ ಎಂದರೆ ಹರಡು, ಹಾಸು. ಮಗ್ಗದ ಹಾಸುದಾರಕ್ಕೂ ತಂತ್ರವೆಂದೇ ಹೆಸರು. ಹಳೆಯ ರಾಜನೀತಿಯಲ್ಲಿ ತನ್ನ ರಾಜ್ಯವನ್ನು ನಡೆಸುವುದು ‘ತಂತ್ರ’, ಪರರಾಜ್ಯಗಳ ವಿಷಯವನ್ನು ನೋಡಿಕೊಳ್ಳುವುದು ‘ಆವಾಪ’. ಸೈನ್ಯಕ್ಕೂ ತಂತ್ರವೆನ್ನುತ್ತಿದ್ದರು; ಶಾಸನಗಳ ‘ತಂತ್ರಪಾಲ’ನನ್ನು ನೆನೆಯಬಹುದು. ಆಳ್ವಿಕೆ ಎಂಬ ಅರ್ಥ ‘ಪ್ರಜಾತಂತ್ರ’, ‘ಸ್ವತಂತ್ರ’, ‘ರಾಜತಂತ್ರ’ಗಳಲ್ಲಿ ಇಂದಿಗೂ ಜೀವಂತವಾಗಿದೆ. ಒಂಟಿಯಾಗಿ ನಿಂತ ‘ತಂತ್ರ’ ಮಾತ್ರ ಆ ವಿಸ್ತಾರವನ್ನು ಕಳೆದುಕೊಂಡು ಕೈಚಳಕದ ಮಟ್ಟಕ್ಕೆ ಇಳಿದಿದೆ. ‘ಕಾರ್ಯತಂತ್ರ’ ಎಂದು ಮುಂದೆ ಒಂದು ಪದ ಅಂಟಿಸಿದರೂ ಅದು ವ್ಯಾಪಾರ ಕಂಪನಿಗಳ ವರದಿಯಂತೆ ಕೇಳುತ್ತದೆಯೇ ಹೊರತು ಯುದ್ಧದ ಗಾಂಭೀರ್ಯ ಅದಕ್ಕೆ ಬರುವುದಿಲ್ಲ.

‘ರಣನೀತಿ’ ಹಿಂದಿಯ ದಾರಿಯಿಂದ ಬಂದದ್ದು. ರಣ ಎಂಬ ಮಾತೇ ಅದನ್ನು ರಣರಂಗದ ಒಳಗೆ ಕಟ್ಟಿಹಾಕುತ್ತದೆ. ‘ವ್ಯೂಹಾತ್ಮಕ’ವಂತೂ ನನಗೆ ಒಪ್ಪಿಗೆಯಿಲ್ಲ; ವ್ಯೂಹವೆಂದರೆ ಸೈನಿಕರನ್ನು ನಿಲ್ಲಿಸುವ ಬಗೆ, ಅದರಿಂದ ಹೊರಬಂದ ಮೇಲೆ ಏನು ಎಂಬ ವಿಚಾರ ಆ ಪದದಲ್ಲಿಲ್ಲ.

ಪ್ರಷ್ಯದ ಸೇನಾಧಿಕಾರಿ ಕ್ಲಾಸೆವಿಟ್ಸ್ ಹಾಕಿದ ಗೆರೆಯನ್ನು ಕನ್ನಡದಲ್ಲಿ ಹೇಳಿಕೊಂಡಾಗ ನನಗೆ ಒಂದಿಷ್ಟು ಬೆಳಕು ಸಿಕ್ಕಿತು. ಕಾಳಗದಲ್ಲಿ ಸೈನ್ಯವನ್ನು ಬಳಸುವುದು ಒಂದು ವಿದ್ಯೆ, ಯುದ್ಧದ ಉದ್ದೇಶಕ್ಕಾಗಿ ಕಾಳಗಗಳನ್ನು ಬಳಸುವುದು ಇನ್ನೊಂದು ವಿದ್ಯೆ. ಕಾಳಗ, ಯುದ್ಧ ಎಂಬ ಎರಡು ಪದಗಳು ನಮ್ಮಲ್ಲಿ ಮೊದಲೇ ಇರುವುದರಿಂದ ಈ ಭೇದ ಕನ್ನಡದಲ್ಲಿ ಸಲೀಸಾಗಿ ನಿಲ್ಲುತ್ತದೆ; ಮೊದಲನೆಯದಕ್ಕೆ ‘ತಂತ್ರ’ವನ್ನೇ ಬಿಟ್ಟುಕೊಡಬಹುದು. ಎರಡನೆಯದರ ಕೊನೆಯ ಹಂತಕ್ಕೆ, ಎಂದರೆ ಗೆದ್ದ ಮೇಲಿನ ಕೆಲಸಕ್ಕೆ, ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ನೇರವಾದ ಹೆಸರೇ ಇದೆ. ಮೈಸೂರಿನಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಆ ಗ್ರಂಥದ ಹದಿಮೂರನೆಯ ಅಧಿಕರಣದ ಕೊನೆಯ ಅಧ್ಯಾಯಕ್ಕೆ ‘ಲಬ್ಧಪ್ರಶಮನ’, ಎಂದರೆ ಗೆದ್ದು ಪಡೆದದ್ದನ್ನು ಶಾಂತಗೊಳಿಸುವುದು, ಎಂದು ಹೆಸರು. ಅದರ ಹಿಂದಿನ ಅಧ್ಯಾಯದಲ್ಲಿ ಕೋಟೆಗೆ ಮುತ್ತಿಗೆ ಹಾಕುವ, ಬೆಂಕಿ ಇಡುವ ವಿಧಾನಗಳಿವೆ. ಅವು ಮುಗಿದ ಕೂಡಲೇ ಧ್ವನಿ ಬದಲಾಗುತ್ತದೆ: ಗೆದ್ದವನು ಸೋತವನ ದೋಷಗಳನ್ನು ತನ್ನ ಗುಣಗಳಿಂದ ಮುಚ್ಚಬೇಕು, ಅವನ ಗುಣಗಳನ್ನು ಇಮ್ಮಡಿ ಗುಣಗಳಿಂದ ಮೀರಬೇಕು, ಆ ನಾಡಿನ ಶೀಲ, ವೇಷ, ಭಾಷೆ, ಆಚಾರಗಳನ್ನು ತಾನೂ ಹಿಡಿಯಬೇಕು, ಅಲ್ಲಿಯ ದೇವರು ಮತ್ತು ಉತ್ಸವಗಳಲ್ಲಿ ಭಕ್ತಿ ತೋರಬೇಕು. ಆ ಪಟ್ಟಿಯಲ್ಲಿ ‘ಭಾಷೆ’ ಎಂಬ ಮಾತು ಇರುವುದನ್ನು ಗಡಿನಾಡಿನಲ್ಲಿ ಕುಳಿತು ಓದುವವರು ಗಮನಿಸದೆ ಮುಂದೆ ಹೋಗಲಾರರು. ಅರ್ಥದಲ್ಲಿ ‘ಲಬ್ಧಪ್ರಶಮನ’ಕ್ಕಿಂತ ಹತ್ತಿರದ ಪದ ಸಿಗುವುದಿಲ್ಲ. ಆದರೆ ಹದಿನಾರು ವರ್ಷದ ಮಕ್ಕಳ ಮುಂದೆ ಅದನ್ನು ಇಡಲು ನನಗೆ ಧೈರ್ಯವಿಲ್ಲ.

ಇಲ್ಲಿ ಸಾಹಿತ್ಯದ ಒಂದು ಸಂಗತಿಯನ್ನೂ ಹೇಳಬೇಕೆನಿಸುತ್ತದೆ. ನಮ್ಮ ಊರಿನ ತಾಳಮದ್ದಳೆಗಳಲ್ಲಿ ಕೃಷ್ಣಸಂಧಾನ, ಕರ್ಣಪರ್ವ, ಗದಾಯುದ್ಧಗಳನ್ನು ಕೇಳಿ ಬೆಳೆದವರು ನಾವು. ಯುದ್ಧಕ್ಕೆ ಮೊದಲಿನ ಮಾತುಕತೆಗೂ ಯುದ್ಧಕ್ಕೂ ಅಲ್ಲಿ ಬೇಕಾದಷ್ಟು ಪದಗಳಿವೆ. ಗೆದ್ದ ಧರ್ಮರಾಯ ರಾಜ್ಯವನ್ನು ಹೇಗೆ ಆಳಬೇಕೆಂದು ಶರಶಯ್ಯೆಯ ಭೀಷ್ಮನನ್ನು ಕೇಳುವ ಭಾಗ ಇರುವುದು ಶಾಂತಿಪರ್ವದಲ್ಲಿ. ಕುಮಾರವ್ಯಾಸನ ಭಾರತ ಗದಾಪರ್ವಕ್ಕೆ ಮುಗಿಯುತ್ತದೆ. ಉಳಿದ ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣ ಕವಿ ಬರೆದ. ಕನ್ನಡಿಗರ ನಾಲಿಗೆಯ ಮೇಲೆ ನಿಂತದ್ದು ಕುಮಾರವ್ಯಾಸನ ಹತ್ತು ಪರ್ವಗಳು. ಗೆಲುವಿನ ಆಚೆಗಿನ ಶಬ್ದಸಂಪತ್ತು ನಮ್ಮ ಬಳಕೆಯಲ್ಲಿ ತೆಳುವಾಗಿರುವುದಕ್ಕೆ ಇದೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ಹೀಗೆ ಹುಡುಕುತ್ತಿರುವಾಗ ನೆನಪಾದದ್ದು ನನ್ನ ಅಜ್ಜಿ ಆಡುತ್ತಿದ್ದ ‘ದಕ್ಕು’ ಎಂಬ ಮಾತು. ತೋಡಿನ, ಎಂದರೆ ಸಣ್ಣ ಹಳ್ಳದ, ನೀರಿಗಾಗಿ ಅಜ್ಜನಿಗೂ ಮೇಲಿನ ತೋಟದವರಿಗೂ ಹಲವು ವರ್ಷ ವ್ಯಾಜ್ಯ ನಡೆದು ಕೊನೆಗೆ ಅಜ್ಜನಿಗೆ ಡಿಕ್ರಿಯಾಯಿತು. ಆದರೆ ನಮ್ಮ ಕಡೆ ತೋಡಿಗೆ ಕಟ್ಟ (ನೀರು ತಡೆಯುವ ತಾತ್ಕಾಲಿಕ ಒಡ್ಡು) ಹಾಕುವುದು ಒಂದು ವರ್ಷದ ಕೆಲಸವಲ್ಲ. ಮಳೆಗಾಲದಲ್ಲಿ ಅದು ಕೊಚ್ಚಿಹೋಗುತ್ತದೆ. ವೃಶ್ಚಿಕ ಮಾಸ ಕಳೆದು ಧನು ಹಿಡಿಯುವ ಹೊತ್ತಿಗೆ, ಎಂದರೆ ಡಿಸೆಂಬರ್ ನಡುವಿಗೆ, ಎರಡೂ ದಡದವರು ಸೇರಿ ಕಲ್ಲು, ಮಣ್ಣು, ಸೊಪ್ಪು ಹಾಕಿ ಪುನಃ ಕಟ್ಟಬೇಕು. ಆ ವರ್ಷ ಮೇಲಿನವರು ಕೆಲಸಕ್ಕೆ ಬರಲಿಲ್ಲ, ಕಟ್ಟ ಆಗಲಿಲ್ಲ, ಕುಂಭ ಮಾಸದ ಬಿಸಿಲಿನಲ್ಲಿ ನಮ್ಮ ಅಡಿಕೆ ಮರಗಳು ಒಣಗಿದವು. ಡಿಕ್ರಿಯ ಕಾಗದವನ್ನು ಪೆಟ್ಟಿಗೆಯಿಂದ ತೆಗೆದು ಓದುತ್ತಿದ್ದ ಅಜ್ಜನಿಗೆ ಅಜ್ಜಿ ಹೇಳಿದ್ದು ಇಷ್ಟೇ: “ಗೆದ್ದದ್ದು ಹೌದು, ದಕ್ಕಿದ್ದು ಎಲ್ಲಿ?” ಎರಡು ಬೇಸಿಗೆ ಕಳೆದ ಮೇಲೆ ಅಜ್ಜನೇ ಹೋಗಿ, ತನಗೆ ಡಿಕ್ರಿಯಾದ ನೀರಿನಲ್ಲಿ ಸರದಿಯ ಮೇಲೆ ಅವರಿಗೂ ಪಾಲು ಬಿಟ್ಟುಕೊಟ್ಟರು. ಅಲ್ಲಿಂದ ಮುಂದೆ ಪ್ರತಿವರ್ಷ ಕಟ್ಟ ಆಯಿತು.

ತಿಂದದ್ದು ದಕ್ಕಬೇಕು, ಜಾಗ ದಕ್ಕಬೇಕು ಎಂದು ನಾವು ದಿನವೂ ಹೇಳುವ ಈ ಪದದಲ್ಲಿ ಸಿಗುವುದು, ಉಳಿಯುವುದು, ಅರಗಿ ನಮ್ಮದಾಗುವುದು ಎಂಬ ಮೂರು ಅರ್ಥಗಳೂ ಒಟ್ಟಿಗೆ ಇವೆ. ಹೈದರನ ವಾಕ್ಯವನ್ನು ಈಗ ಹೀಗೆ ತಿದ್ದಿದ್ದೇನೆ: ‘1769ರಲ್ಲಿ ಹೈದರನ ತಂತ್ರ ಗೆದ್ದಿತು, ಆದರೆ ಗೆಲುವು ಅವನಿಗೆ ದಕ್ಕಲಿಲ್ಲ.’ ಇದಕ್ಕೆ ವಿರುದ್ಧವಾದ ಉದಾಹರಣೆ 1799. ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಮೈಸೂರನ್ನು ಪೂರ್ತಿಯಾಗಿ ನುಂಗಲಿಲ್ಲ. ಕೆನರಾ, ಕೊಯಮತ್ತೂರುಗಳನ್ನು ತಾನು ಇಟ್ಟುಕೊಂಡು, ನಿಜಾಮನಿಗೆ ಒಂದು ಪಾಲು ಕೊಟ್ಟು, ಉಳಿದದ್ದರ ಮೇಲೆ ಐದು ವರ್ಷದ ಮುಮ್ಮಡಿ ಕೃಷ್ಣರಾಜರನ್ನು ಕೂರಿಸಿ, ಟಿಪ್ಪುವಿನ ಮಂತ್ರಿಯಾಗಿದ್ದ ಪೂರ್ಣಯ್ಯನವರನ್ನೇ ದಿವಾನರನ್ನಾಗಿ ಮುಂದುವರಿಸಿತು. ಕೆನರಾದ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ 1799–1800ರಲ್ಲಿ ಹಳೆಯ ಅರಸರ ಕಾಲದ ಕಂದಾಯದ ಲೆಕ್ಕಗಳನ್ನು ಆಧಾರವಾಗಿಟ್ಟುಕೊಂಡು ತೀರ್ವೆ ನಿಗದಿ ಮಾಡಿದ. ಆಗ ಕೆನರಾಕ್ಕೆ ಸೇರಿದ್ದ, ಬೇಕಲ ಕೋಟೆಯ ಸುತ್ತಲಿನ ನಮ್ಮ ನೆಲ ಕಂಪನಿಗೆ ದಕ್ಕಿದ್ದು ತೋಪಿನಿಂದಷ್ಟೇ ಅಲ್ಲ, ಆ ಲೆಕ್ಕದ ಪುಸ್ತಕಗಳಿಂದ ಎಂದು ತರಗತಿಯಲ್ಲಿ ಹೇಳಿದರೆ ಮಕ್ಕಳಿಗೆ ತಟ್ಟನೆ ತಿಳಿಯುತ್ತದೆ.

ವ್ಯಾಕರಣದ ಒಂದು ಸೂಕ್ಷ್ಮವೂ ಇಲ್ಲಿ ಕೆಲಸಕ್ಕೆ ಬರುತ್ತದೆ. ‘ದಕ್ಕಿಸಿಕೊಳ್ಳು’ ಎಂದರೆ ತನಗಾಗಿ. ‘ದಕ್ಕಿಸು’ ಎಂದರೆ ಮತ್ತೊಬ್ಬರಿಗೂ ಆಗಬಹುದು. 1799ರಲ್ಲಿ ಕಂಪನಿ ಗೆಲುವನ್ನು ದಕ್ಕಿಸಿಕೊಂಡಿತು. 1971ರಲ್ಲಿ ನಡೆದದ್ದು ಬೇರೆ. ಡಿಸೆಂಬರ್ 6ರಂದೇ ಭಾರತ ಸರಕಾರ ಬಾಂಗ್ಲಾದೇಶಕ್ಕೆ ಮಾನ್ಯತೆ ಕೊಟ್ಟಿತ್ತು. 16ರಂದು ಢಾಕಾದಲ್ಲಿ ಪಾಕಿಸ್ತಾನದ ಸೇನೆಯ ಶರಣಾಗತಿಯಾಗಿ ಸುಮಾರು 93,000 ಮಂದಿ ಸೆರೆಯಾದರು. 1972ರ ಮಾರ್ಚ್ 12ರಂದು ನಮ್ಮ ಸೇನೆ ಢಾಕಾದಲ್ಲಿ ಬೀಳ್ಕೊಡುಗೆಯ ಕವಾಯತು ನಡೆಸಿ ಹಿಂದಿರುಗಿತು. ಗೆದ್ದವರು ಬೇಗ ಹೊರಟದ್ದರಿಂದಲೇ ಆ ಗೆಲುವು ಅಲ್ಲಿಯ ಜನರಿಗೆ ದಕ್ಕಿತು. ಒಂದೇ ಧಾತುವಿನಿಂದ ಎರಡು ಬಗೆಯ ರಾಜಕೀಯ ಫಲವನ್ನು ಬೇರ್ಪಡಿಸಿ ಹೇಳುವ ಈ ಅನುಕೂಲ ಬೇರೆ ಯಾವ ಪದದಲ್ಲಿಯೂ ನನಗೆ ಕಂಡಿಲ್ಲ.

ಆದರೆ ಒಂದು ದೊಡ್ಡ ತೊಡಕಿದೆ. ಇದೇ ವಾಕ್ಯವನ್ನು ಹಲಗೆಯ ಮೇಲೆ ಬರೆದಾಗ ತುಳು ಮನೆಮಾತಿನ ಹುಡುಗಿಯೊಬ್ಬಳು ಎದ್ದು, “ಟೀಚರ್, ಗೆದ್ದದ್ದನ್ನು ಯಾಕೆ ದಕ್ಕುವುದು?” ಎಂದು ಕೇಳಿದಳು. ತುಳುವಿನಲ್ಲಿ ‘ದಕ್ಕುನಿ’ ಎಂದರೆ ಎಸೆಯುವುದು. ಕಲ್ಲು ದಕ್ಕುತ್ತಾರೆ, ಕಸ ದಕ್ಕುತ್ತಾರೆ. ಕನ್ನಡಕ್ಕೆ ಉಳಿಸಿಕೊಳ್ಳುವ ಮಾತು ಅವಳ ಕಿವಿಗೆ ಬಿಸಾಡುವ ಮಾತಾಗಿ ಕೇಳಿತ್ತು. ಮನೆಯಲ್ಲಿ ಒಂದು, ಶಾಲೆಯಲ್ಲಿ ಒಂದು, ಪೇಟೆಯಲ್ಲಿ ಒಂದು ಭಾಷೆ ಆಡುವ ಮಕ್ಕಳಿಗೆ ಬರೆಯುವ ಟಿಪ್ಪಣಿಯಲ್ಲಿ ಇದನ್ನು ಸಣ್ಣ ಆಕ್ಷೇಪವೆಂದು ನಾನು ತಳ್ಳಿಹಾಕಲಾರೆ. ‘ನೆಲೆಗೊಳಿಸು’ ಎಂಬ ಪರ್ಯಾಯವನ್ನು ಯೋಚಿಸಿದೆ. ಅದರಲ್ಲಿ ಸ್ಥಿರತೆ ಇದೆ, ಅರಗಿಸಿಕೊಳ್ಳುವ ಅರ್ಥವಿಲ್ಲ.

ಆದ್ದರಿಂದ ಬಲ್ಲವರಲ್ಲಿ ಕೇಳುವುದು ಇದು. ಜತ್ತ, ಅಕ್ಕಲಕೋಟೆ, ಆದೋನಿ, ಮಡಕಶಿರಾ, ಹೊಸೂರು, ತಾಳವಾಡಿಯಂಥ ಇತರ ಗಡಿನಾಡುಗಳ ಕಡೆಯ ಕನ್ನಡದಲ್ಲಿ ಗೆಲುವಿನೊಂದಿಗೆ ‘ದಕ್ಕು’ ಬಳಸುತ್ತೀರಾ, ಅಥವಾ ಆಸ್ತಿಗೂ ಅನ್ನಕ್ಕೂ ಮಾತ್ರವೇ? ಮರಾಠಿ, ತೆಲುಗು, ತಮಿಳುಗಳ ಒಡನಾಟದಿಂದ ಅಲ್ಲಿ ಈ ಅರ್ಥಕ್ಕೆ ಬೇರೆ ಮಾತು ಹುಟ್ಟಿಕೊಂಡಿದೆಯೇ? ಕಾಳಗದ ವಿದ್ಯೆಗೆ ‘ತಂತ್ರ’, ಅದರ ಫಲವನ್ನು ರಾಜ್ಯಕ್ಕೆ ಸೇರಿಸುವ ವಿದ್ಯೆಗೆ ‘ದಕ್ಕಿಸುವ ನೀತಿ’ ಎಂದು ಬರೆದರೆ ನಿಮ್ಮ ಊರಿನ ಓದುಗರಿಗೆ ಮೊದಲ ಓದಿಗೇ ತಿಳಿಯುತ್ತದೆಯೇ? ಆಡುಮಾತಿನ ಒಂದೆರಡು ವಾಕ್ಯಗಳ ಸಮೇತ ತಿಳಿಸಿದರೆ, ಆ ಹುಡುಗಿಗೆ ಇನ್ನೂ ಬಾಕಿ ಉಳಿಸಿಕೊಂಡಿರುವ ಉತ್ತರವನ್ನು ನಾನು ಕೊಡಬಹುದು.